ಅಕ್ಕನ ಕೆಮ್ಮು

ಶಿಕಾರಿಪುರದಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವನು ನಾನು. ಕಾರಣ, ಪರಿಣಾಮ ಎಂಬ ಎರಡು ಪದಗಳನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೆಂಬುದನ್ನು ನನ್ನ ವಿದ್ಯಾರ್ಥಿಗಳೇ ಬಲ್ಲರು. ಆದರೆ ಒಡಹುಟ್ಟಿದ ಅಕ್ಕನ ಕೆಮ್ಮಿನ ಕಾರಣ ನನಗೆ ಹೊಳೆಯಲಿಲ್ಲ.

ಸೊರಬದಲ್ಲಿರುವ ಅಕ್ಕನಿಗೆ 2016ರ ಮಳೆಗಾಲದಲ್ಲಿ ಒಣಕೆಮ್ಮು ಹಿಡಿಯಿತು. ಬಾವಿಯಿಂದ ಒಂದು ಕೊಡ ನೀರು ತಂದರೆ ಏದುಸಿರು. ಒಲೆಯ ಹೊಗೆ ಎಂದರು ಕೆಲವರು, ಅಡಿಕೆಯ ಧೂಳು ಎಂದರು ಇನ್ನು ಕೆಲವರು. ಕಫ ಪರೀಕ್ಷೆಯಲ್ಲಿ ಕ್ಷಯ ಕಾಣಲಿಲ್ಲ. (ಮಲೆನಾಡಿನಲ್ಲಿ ಕಷಾಯ ಹೇಳುವವರಿಗೆ ಬರವೇ? ಅವನ್ನೂ ಕುಡಿದಳು.)

ಕೊನೆಗೆ ಶಿವಮೊಗ್ಗದ ವೈದ್ಯರೊಬ್ಬರು ಸಿ.ಟಿ. ಸ್ಕ್ಯಾನ್ ನೋಡಿ, “ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ. ಯಾವುದನ್ನು ಎಂದು ಶುರುಮಾಡಿದಿರಿ ಎಂದೂ ಬರೆದು ತನ್ನಿ ಮೇಷ್ಟ್ರೇ” ಎಂದರು.

ಬರೆಯುತ್ತ ಕುಳಿತಾಗ ನನ್ನ ಕೈ ನಿಂತಿತು. ಮೂತ್ರದ ಸೋಂಕು ಮರುಕಳಿಸದಿರಲೆಂದು ಹಿಂದೆ ಕೊಟ್ಟಿದ್ದ ನೈಟ್ರೋಫ್ಯುರಾಂಟಾಯಿನ್, ದಿನಕ್ಕೊಂದು. ಆರು ತಿಂಗಳ ನಂತರ ಬಂದು ತೋರಿಸಬೇಕೆಂದು ಚೀಟಿಯಲ್ಲೇ ಇತ್ತು. ಅದೇ ಚೀಟಿ ಹಿಡಿದು ಎರಡು ವರ್ಷ ಪ್ರತಿ ತಿಂಗಳೂ ಮಾತ್ರೆ ಕೊಂಡು, ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಸೊರಬಕ್ಕೆ ಮುಟ್ಟಿಸಿದವನು ನಾನೇ.

ಔಷಧದಿಂದಲೇ ಶ್ವಾಸಕೋಶ ಕೆಟ್ಟಿತೆಂದು ಖಚಿತವಾಗಿ ಹೇಳಬಲ್ಲ ಒಂದೇ ಪರೀಕ್ಷೆ ಇಲ್ಲವಂತೆ. ಸೋಂಕು, ಹೃದಯದ ತೊಂದರೆ ಮೊದಲಾದವನ್ನು ಒಂದೊಂದಾಗಿ ಕಳೆಯಬೇಕು. ಔಷಧ ಮೊದಲೋ ಕೆಮ್ಮು ಮೊದಲೋ ನೋಡಬೇಕು. ಆ ಔಷಧಕ್ಕೆ ಅಂಥ ಅಪಖ್ಯಾತಿ ಉಂಟೋ ತಿಳಿಯಬೇಕು. ನಿಲ್ಲಿಸಿದ ಮೇಲೆ ಗುಣ ಕಾಣುವುದೋ ಕಾಯಬೇಕು. ನೈಟ್ರೋಫ್ಯುರಾಂಟಾಯಿನ್ ಕೆಲವರಲ್ಲಿ ಕೆಲವೇ ದಿನಗಳಲ್ಲಿ ಜ್ವರ, ಕೆಮ್ಮು ತರುತ್ತದೆ. ತಿಂಗಳುಗಟ್ಟಲೆ ನುಂಗಿದ ಕೆಲವರಲ್ಲಿ ಸದ್ದಿಲ್ಲದೆ ಶ್ವಾಸಕೋಶವನ್ನು ಗಡುಸಾಗಿಸುತ್ತದೆ. ಹೃದಯ ಬಡಿತದ ಏರುಪೇರಿಗೆ ಕೊಡುವ ಅಮಿಯೋಡರೋನ್, ಕೀಲುವಾತದ ಮೆಥೊಟ್ರೆಕ್ಸೇಟ್ ಕೂಡ ಇದೇ ಸಾಲಿನವು. ಹಾಗೆಂದು ಇವು ಕೆಟ್ಟ ಔಷಧಗಳಲ್ಲ. ವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಬಾರದು. ಇಂಥ ಅಡ್ಡಪರಿಣಾಮಗಳನ್ನು ದಾಖಲಿಸಲು 2010ರಿಂದ ನಮ್ಮ ದೇಶದಲ್ಲೊಂದು ಸರ್ಕಾರಿ ಯೋಜನೆ ಇದೆ. 1800-180-3024ಕ್ಕೆ ರೋಗಿಯೇ ಕರೆಮಾಡಿ ತಿಳಿಸಬಹುದು.

ಮಾತ್ರೆ ನಿಲ್ಲಿಸಿದ ಮೇಲೆ ಕೆಮ್ಮು ವಾರಗಳಲ್ಲಿ ಇಳಿಯಿತು. ಏದುಸಿರು ಇಳಿಯಲು ತಿಂಗಳುಗಳೇ ಹಿಡಿದವು. ಗಾಯದ ಕಲೆ ಮಾತ್ರ ಪೂರ್ತಿ ಹೋಗಲಿಲ್ಲ. ಚಂದ್ರಗುತ್ತಿಯ ಬೆಟ್ಟವನ್ನು ಅವಳು ಮತ್ತೆ ಹತ್ತಲಿಲ್ಲ.

“ತಪ್ಪು ನನ್ನದೇ ಅಕ್ಕ” ಎಂದೆ ಒಮ್ಮೆ. “ನುಂಗಿದವಳು ನಾನಲ್ಲವೇನೋ? ಕಾಫಿ ಆರುತ್ತದೆ, ಕುಡಿ” ಎಂದಳು.