ಚೆಕ್‌ರೋಲ್‌ನಲ್ಲಿಲ್ಲದ ಕಾಲಂ

2024ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಎಲ್ಲಿ ಹೋದರೂ ಕೃಪಾಂಕದ್ದೇ ಮಾತು. ಶೇ 10 ಇದ್ದದ್ದನ್ನು ಆ ವರ್ಷ ಶೇ 20ಕ್ಕೆ ಏರಿಸಿದ್ದರು. ಜೂನ್‌ನಲ್ಲಿ ನಮ್ಮ ಚರ್ಚಿನ ಧರ್ಮೋಪದೇಶ ತರಗತಿ ಶುರುವಾಯಿತು. ದೇವರ ಕೃಪೆ ಅಂದರೇನು ಎಂದು ಮಕ್ಕಳನ್ನು ಕೇಳಿದೆ. ಕೊನೆಯ ಬೆಂಚಿನ ಹುಡುಗ ಥಟ್ಟನೆ ಎದ್ದ. "ಮಿಸ್, ನಾವು ಮೂವತ್ತು ತಗೊಂಡ್ರೆ ದೇವ್ರು ಐದು ಹಾಕಿ ಪಾಸ್ ಮಾಡೋದು!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಉತ್ತರ ಹಲ್ಲಿನ ಸಂದಿಯ ನಾರಿನ ಹಾಗೆ ವಾರವಿಡೀ ಕಾಡಿತು.

ಹುಡುಗನ ಉತ್ತರ ಹೊಸದೇನಲ್ಲ. ಐದನೆಯ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನ ಕೆಲವು ಸನ್ಯಾಸಿಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು: ಮೊದಲ ಹೆಜ್ಜೆ ನಮ್ಮದು, ಮಿಕ್ಕಿದ್ದು ದೇವರದು. 529ರಲ್ಲಿ ಅಲ್ಲಿನ ಆರೆಂಜ್ ಪಟ್ಟಣದಲ್ಲಿ ಸೇರಿದ ಧರ್ಮಸಭೆ ಅದನ್ನು ಒಪ್ಪಲಿಲ್ಲ. ಮೊದಲ ಹೆಜ್ಜೆ ಇಡಬೇಕೆಂಬ ಆಸೆಯೂ ಕೃಪೆಯೇ ಎಂದಿತು. ಅಂದರೆ ಐದು ಮಾತ್ರವಲ್ಲ, ಆ ಮೂವತ್ತೂ ದೇವರು ಕೊಟ್ಟದ್ದೇ. ಓದಬೇಡಿ ಎಂದಲ್ಲ, ಓದುವ ಮನಸ್ಸೂ ಕೊಡುಗೆಯೇ ಎಂದು. ಮುಂದೆ ಇದೇ ಕೃಪೆಯ ಮಾತಿಗೆ ಲೂಥರನ ಕಾಲದಲ್ಲಿ ಚರ್ಚು ಒಡೆಯಿತು. ಲೂಥರನ್ನರೂ ಕ್ಯಾಥೊಲಿಕರೂ ಆಗ್ಸ್‌ಬರ್ಗ್‌ನಲ್ಲಿ ಕೂತು ಒಂದು ಒಪ್ಪಿಗೆಯ ಹೇಳಿಕೆಗೆ ಸಹಿ ಹಾಕುವ ಹೊತ್ತಿಗೆ 1999 ಬಂದಿತ್ತು.

ಇಷ್ಟನ್ನೆಲ್ಲ ಮಕ್ಕಳಿಗೆ ಹೇಳಬಹುದಿತ್ತು. ಆದರೆ ನನಗೆ ನೆನಪಾದದ್ದು ಅಪ್ಪ.

ಅಪ್ಪ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಬೆಳಗಾದರೆ ಕಂಕುಳಲ್ಲಿ ಚೆಕ್‌ರೋಲ್ ಪುಸ್ತಕ. ಯಾರು ಬಂದರು, ಯಾರು ತಡವಾದರು, ಯಾರಿಗೆ ಪೂರ್ತಿ ಹಾಜರಿ, ಯಾರಿಗೆ ಅರ್ಧ, ಎಲ್ಲ ಅವರ ಗುಂಡು ಅಕ್ಷರದಲ್ಲಿ. ಒಂದು ರೂಪಾಯಿ ಅತ್ತಿತ್ತಾದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಇಂಥ ಮನುಷ್ಯನಿಗೆ ಮೂರು ವರ್ಷಕ್ಕೊಮ್ಮೆ, ಸೆಪ್ಟೆಂಬರಿನ ಒಂದು ಭಾನುವಾರ, ಪೂಜೆಯಲ್ಲಿ ದೊಡ್ಡ ಸಂಕಟ ಎದುರಾಗುತ್ತಿತ್ತು. ಅವತ್ತಿನ ಶುಭಸಂದೇಶ ಮತ್ತಾಯನ ಇಪ್ಪತ್ತನೆಯ ಅಧ್ಯಾಯ: ದ್ರಾಕ್ಷಿತೋಟದ ಕೂಲಿಯಾಳುಗಳ ಕತೆ. ಯಜಮಾನ ಬೆಳಗಾಗುತ್ತಲೇ ಆಳುಗಳನ್ನು ಕರೆಯುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಕರೆಯುತ್ತಾನೆ. ಸಂಜೆ ಐದಕ್ಕೂ ಕರೆಯುತ್ತಾನೆ. ಕೊನೆಗೆ ಎಲ್ಲರಿಗೂ ಒಂದೇ ಕೂಲಿ, ಒಂದು ದೀನಾರಿ.

ಪೂಜೆ ಮುಗಿದು ಮನೆಯ ದಾರಿ ಹಿಡಿದರೆ ಅಪ್ಪನ ಪ್ರಬೋಧನೆ ಶುರು. "ನಮ್ಮ ತೋಟದಲ್ಲಿ ಹೀಗೆ ಮಾಡ್ಲಿ ನೋಡಾಣ. ನಾಳೆ ಬೆಳಿಗ್ಗೆ ಒಬ್ರಾದ್ರೂ ಬರ್ತಾರಾ? ಎಲ್ರೂ ಐದು ಗಂಟೆಗೇ ಬರ್ತಾರೆ." ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುವಳು.

ಒಮ್ಮೆ ಮಾತ್ರ ಅವರು ಹೇಳಿದ ಮಾತು ಯಾವ ಪ್ರಬೋಧನೆಯಲ್ಲೂ ನಾನು ಕೇಳಿರಲಿಲ್ಲ. "ಬಟವಾಡೆ ಮಾಡೋನಿಗೆ ಗೊತ್ತಾಗುತ್ತೆ ಮಗಾ. ಬೆಳಿಗ್ಗೆ ಬಂದೋರಿಗೆ ಮೊದಲು ಕೊಟ್ಟು ಕಳಿಸಿದ್ರೆ ಗಲಾಟೆನೇ ಇರ್ತಿರ್ಲಿಲ್ಲ. ಆ ಯಜಮಾನ ಕೊನೆಗೆ ಬಂದೋರಿಗೆ ಮೊದಲು ಕೊಟ್ಟ. ಬೇಕಂತ್ಲೇ ಎಲ್ರ ಎದುರಿಗೇ ಕೊಟ್ಟ."

ನಿಜ. ಬೆಳಿಗ್ಗೆ ಬಂದವರು ಅದನ್ನು ನೋಡಲೇಬೇಕು ಎಂಬುದೇ ಯೇಸುಸ್ವಾಮಿಯ ಇಷ್ಟವಿರಬೇಕು. ಕತೆಯಲ್ಲಿ ಇನ್ನೊಂದು ಮಾತೂ ಇದೆ. ದಿನವೆಲ್ಲ ಸುಮ್ಮನೆ ಯಾಕೆ ನಿಂತಿರಿ ಎಂದರೆ ಐದು ಗಂಟೆಯವರು ಕೊಡುವ ಉತ್ತರ, ನಮ್ಮನ್ನು ಯಾರೂ ಕರೆಯಲಿಲ್ಲ ಎಂದು. ಅವರು ಸೋಮಾರಿಗಳಲ್ಲ, ಯಾರಿಗೂ ಬೇಡವಾದವರು. ದೀನಾರಿ ಅಂದರೆ ಆ ಕಾಲದ ಒಂದು ದಿನದ ಕೂಲಿ, ಒಂದು ಮನೆಯ ಒಂದು ದಿನದ ಊಟ. ಒಂದು ಗಂಟೆ ದುಡಿದವನ ಮಕ್ಕಳಿಗೂ ಹಸಿವು ಪೂರ್ತಿಯೇ.

ಆ ದಾರಿಯಲ್ಲೇ ನಾನು ಕೇಳಿದೆ, "ಅಪ್ಪ, ನೀವು ಅರ್ಧ ಹಾಜರಿ ಹಾಕಿದೋರ ಮನೇಲಿ ಅವತ್ತು ಎಷ್ಟು ಅಕ್ಕಿ ಬೇಯ್ತಿತ್ತು?"

ಬಹಳ ದೂರ ಮಾತಿಲ್ಲದೆ ನಡೆದರು. ಆಮೇಲೆ, "ಚೆಕ್‌ರೋಲ್‌ನಲ್ಲಿ ಅದನ್ನು ಬರೆಯೋ ಕಾಲಂ ಇಲ್ಲ" ಅಂದರು.

ಆ ಕಾಲಂ ಇರುವ ಪುಸ್ತಕವೇ ಕೃಪೆ ಎಂದು ನನಗೆ ಈಗ ಅನ್ನಿಸುತ್ತದೆ. ನಾವು ಕ್ಯಾಥೊಲಿಕರು ಕನ್ನಡದಲ್ಲಿ ಅದನ್ನು ವರಪ್ರಸಾದ ಎನ್ನುತ್ತೇವೆ. ಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿ ಪರಮಪ್ರಸಾದ. ಕೃಪೆಗೆ ಗ್ರೀಕಿನಲ್ಲಿರುವ ಖಾರಿಸ್ ಎಂಬ ಮಾತಿಗೆ ಕೊಡುಗೆ, ಚೆಲುವು, ಉಪಕಾರಸ್ಮರಣೆ ಎಲ್ಲ ಅರ್ಥಗಳೂ ಉಂಟು. ನಮ್ಮ ಪ್ರಸಾದವೂ ಅಷ್ಟೇ ದೊಡ್ಡ ಮಾತು. ಕೊಡುವವನ ಮನಸ್ಸು ತಿಳಿಯಾಗಿದೆ, ಅದಕ್ಕೇ ಕೊಡುತ್ತಿದ್ದಾನೆ ಎಂಬುದು ಆ ಪದದೊಳಗೇ ಇದೆ. ಪ್ರಸಾದಕ್ಕೆ ಯಾರೂ ಅಂಕಪಟ್ಟಿ ಹಿಡಿದು ನಿಲ್ಲುವುದಿಲ್ಲ.

ಅಪ್ಪ ಹಾಸಿಗೆ ಹಿಡಿದ ಮೇಲೂ ಲೆಕ್ಕ ಬಿಡಲಿಲ್ಲ. ಮಾತ್ರೆಗೆಷ್ಟು, ಡಾಕ್ಟರಿಗೆಷ್ಟು, ಆಟೋಗೆಷ್ಟು? "ಬರೆದಿಡು, ತೀರಿಸ್ಬೇಕು" ಎನ್ನುವರು. ನಾನು ಸುಮ್ಮನೆ ಹೂಂ ಎನ್ನುತ್ತಿದ್ದೆ. ಆಮೇಲಾಮೇಲೆ ಕೇಳುವುದನ್ನು ನಿಲ್ಲಿಸಿದರು.

ಅದೊಂದು ತಿಂಗಳ ಮೊದಲ ಶುಕ್ರವಾರ ಫಾದರ್ ಮನೆಗೆ ಪರಮಪ್ರಸಾದ ತಂದರು. ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದೆ. ಆಮೆನ್ ಅಂದವರು ಕೈ ಚಾಚಿದರು. ಆಯುಷ್ಯವೆಲ್ಲ ಹಾಜರಿ ಬರೆದ ಕೈ. ಅಂಗೈ ಖಾಲಿಯಿತ್ತು.