ಅರ್ಧ ಸುತ್ತು

ಮಲೆನಾಡಿನ ನಮ್ಮ ಕಡೆ ಕೋವಿಗಳಲ್ಲಿ ಎರಡೇ ಜಾತಿ. ಒಂದು ಕೇಪಿನ ಕೋವಿ, ಇನ್ನೊಂದು ತೋಟಾ ಕೋವಿ. ಅಜ್ಜನಿಂದ ನಮ್ಮ ಮನೆಗೆ ಬಂದದ್ದು ಎರಡನೆಯದು, ಒಂಟಿ ನಳಿಗೆಯದು. ಒಳಗೆ ಕಣ್ಣಿಟ್ಟರೆ ಕನ್ನಡಿಯ ನುಣುಪು. ಗದ್ದೆಗೆ ನುಗ್ಗುವ ಹಂದಿಗಳನ್ನು ಹೆದರಿಸಲು ಅದು ಧಾರಾಳ ಸಾಕು.

ಸೈನ್ಯದಲ್ಲಿದ್ದು ಬಂದ ನನ್ನ ಸೋದರಮಾವನಿಗೆ ಮಾತ್ರ ಅದು ಬರೀ ಕೊಳವೆ. ಒಳಗೆ ತಿರುಪಿನ ಗೀರಿಲ್ಲದ್ದು ಅವರ ಲೆಕ್ಕದಲ್ಲಿ ಕೋವಿಯೇ ಅಲ್ಲ. "ಬುಗುರಿ ಆಡಿದ್ದೀಯಲ್ಲ ಅಳಿಯಾ, ಜೋರಾಗಿ ತಿರುಗುವಾಗ ಅದು ಬೀಳ್ತದಾ?" ಎಂದು ಕೇಳುತ್ತಿದ್ದರು. ಇಡೀ ವಿದ್ಯೆ ಅಷ್ಟೇ ನೋಡಿ. ಮರಕ್ಕೆ ಬಳ್ಳಿ ಸುತ್ತಿದ ಹಾಗೆ ನಳಿಗೆಯೊಳಗೆ ಗೀರು ಕೊರೆದರೆ, ಗುಂಡು ಅದನ್ನು ಕಚ್ಚಿಕೊಂಡು ಗಿರಗಿರನೆ ತಿರುಗುತ್ತ ಹೊರಡುತ್ತದೆ. ತಿರುಗುವುದರಿಂದಲೇ ಮಗುಚಿಕೊಳ್ಳದೆ ನೆಟ್ಟಗೆ ಹೋಗುತ್ತದೆ.

ಜರ್ಮನ್ ನಾಡುಗಳಲ್ಲಿ ಸುಮಾರು 1500ರ ಹೊತ್ತಿಗೇ ಇದು ಗೊತ್ತಿತ್ತು. ಆದರೂ ಮುಂದಿನ ಮುನ್ನೂರು ವರ್ಷ ಹೆಚ್ಚಿನ ಸಿಪಾಯಿಗಳ ಕೈಯಲ್ಲಿದ್ದದ್ದು ನುಣುಪು ನಳಿಗೆಯೇ. ಗೀರಿಗೆ ಕಚ್ಚಬೇಕಾದರೆ ಗುಂಡು ಬಿಗಿಯಾಗಿರಬೇಕು. ಬಿಗಿಯಾದ ಗುಂಡನ್ನು ಬಾಯಿಯಿಂದ ಜಡಿದು ಇಳಿಸುವಷ್ಟರಲ್ಲಿ ಶತ್ರು ಮೈಮೇಲೆ ಬಂದಿರುತ್ತಾನೆ! 1849ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ಸೀಸದ ಗುಂಡಿನ ತಳವನ್ನು ಟೊಳ್ಳು ಮಾಡಿದ. ಅದು ಸಲೀಸಾಗಿ ಇಳಿಯುತ್ತಿತ್ತು; ಮದ್ದು ಸಿಡಿದಾಗ ತಳ ಅಗಲವಾಗಿ ಗೀರಿಗೆ ಕಚ್ಚುತ್ತಿತ್ತು. ಇಂಗ್ಲಿಷರ 1853ರ ಎನ್‌ಫೀಲ್ಡ್ ರೈಫಲ್‌ನಲ್ಲಿ ಮೂರೇ ಗೀರು. 78 ಇಂಚಿಗೆ ಒಂದು ಸುತ್ತು. ನಳಿಗೆಯ ಉದ್ದವೋ 39 ಇಂಚು. ಗುಂಡು ಒಳಗೆ ತಿರುಗುತ್ತಿದ್ದದ್ದು ಬರೀ ಅರ್ಧ ಸುತ್ತು.

ಆ ಅರ್ಧ ಸುತ್ತು ನಮ್ಮ ದೇಶವನ್ನೂ ತಿರುಗಿಸಿತು. ಗುಂಡು ಜಾರಲೆಂದು ತೋಟಾದ ಕಾಗದಕ್ಕೆ ಜಿಡ್ಡು ಸವರುತ್ತಿದ್ದರು. ಸಿಪಾಯಿ ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಅದು ದನದ, ಹಂದಿಯ ಕೊಬ್ಬೆಂಬ ಸುದ್ದಿ 1857ರ ದಂಗೆಗೆ ಕಿಡಿಯಾಯಿತು. ಅದೇ ವರ್ಷ ಆಯುಧ ಕಸಿಯುವ ಕಾನೂನು ಬಂತು. ಒಪ್ಪಿಸುವುದಿಲ್ಲವೆಂದು ಎದ್ದುನಿಂತ ಹಲಗಲಿಯ ಬೇಡರ ಊರಿಗೆ ನವೆಂಬರಿನಲ್ಲಿ ಬೆಂಕಿ ಬಿತ್ತು. 1861ರಲ್ಲಿ ಕೊಡವರಿಗೆ ಮಾತ್ರ ವಿನಾಯಿತಿ ಸಿಕ್ಕಿತು.

ನಮ್ಮ ಕೋವಿಗೆ ಗುರಿ ಕಡಿಮೆ, ನಿಜ. ಆದರೆ ಅದನ್ನು ಹಿಡಿದವನು ಪ್ರಾಣಿಯ ಉಸಿರು ಕೇಳುವಷ್ಟು ಹತ್ತಿರ ಹೋಗಬೇಕು. ಗೀರು ಕಿತ್ತುಕೊಂಡದ್ದು ಆ ಹತ್ತಿರವನ್ನು.

ಒಮ್ಮೆ ಮಾವನನ್ನು ಕೇಳಿದೆ: "ಯುದ್ಧದಲ್ಲಿ ನಿಮ್ಮ ಗುಂಡು ಯಾರಿಗಾದರೂ ತಾಗಿತ್ತಾ?"

ಅವರು ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕೂತರು. ಆಮೇಲೆ, "ಅಷ್ಟು ದೂರದಿಂದ ಯಾರಿಗೆ ಕಾಣ್ತದೆ ಅಳಿಯಾ?" ಎಂದರು.