ಟ್ಯಾಂಕಿನ ತಳದ ಗಸಿ

ಹಾಯಿದೋಣಿಗೆ ಡೀಸೆಲ್ ಯಾಕೆ, ಗಾಳಿ ಇದೆಯಲ್ಲ ಎಂದು ಊರಿನಿಂದ ಫೋನ್ ಮಾಡುವವರೆಲ್ಲ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಬೇಕಿದ್ದವರು ಒಮ್ಮೆ ಇಲ್ಲಿ, ಜರ್ಮನಿಯ ಕೀಲ್ ಕಾಲುವೆಗೆ ಬರಬೇಕು. 1895ರಲ್ಲಿ ತೆರೆದ ಈ ಕಾಲುವೆ ಬಾಲ್ಟಿಕ್ ದಡದ ಕೀಲ್‌ನಿಂದ ಎಲ್ಬೆ ನದಿ ಸಮುದ್ರ ಸೇರುವ ಕಡೆಯ ಬ್ರುನ್ಸ್‌ಬ್ಯುಟೆಲ್‌ವರೆಗೆ ಸುಮಾರು 98 ಕಿಲೋಮೀಟರ್ ಇದೆ. ಬೆಟ್ಟದಂಥ ಸರಕು ಹಡಗುಗಳು ಪಕ್ಕದಲ್ಲೇ ಹಾದುಹೋಗುವ ಆ ನೀರಿನಲ್ಲಿ ಹಾಯಿಯೊಂದನ್ನೇ ನಂಬಿ ಹೋಗುವಂತಿಲ್ಲ, ಎಂಜಿನ್ ಓಡುತ್ತಲೇ ಇರಬೇಕು. ವಿಹಾರದ ದೋಣಿಗಳಿಗೆ ಹಗಲಿನಲ್ಲಿ ಮಾತ್ರ ಅಪ್ಪಣೆ. ಗಂಟೆಗೆ ಹತ್ತು ಕಿಲೋಮೀಟರ್ ಸಾಗುವ ಸಣ್ಣ ದೋಣಿಗೆ ಬೆಳಗಿನಿಂದ ಸಂಜೆಯವರೆಗೂ ಅದೇ ಪಯಣ. ನಡುವೆ ಎಂಜಿನ್ ಉಸಿರು ಕಟ್ಟಿ ನಿಂತಿತೋ, ಹಿಂದೆ ಬರುವ ಹಡಗಿಗೆ ಬ್ರೇಕ್ ಇಲ್ಲ.

ಡೀಸೆಲ್ ಎಂಜಿನ್ ತಾನಾಗಿ ಕೈಕೊಡುವುದು ಕಡಿಮೆ. ಉಸಿರಾಡಲು ಗಾಳಿ, ತಣಿಸಲು ನೀರು, ಕುಡಿಯಲು ಚೊಕ್ಕ ಎಣ್ಣೆ ಕೊಟ್ಟರೆ ಅದು ದಿನಗಟ್ಟಲೆ ದುಡಿಯುತ್ತದೆ. ತಕರಾರು ಬಹಳ ಸಲ ಹುಟ್ಟುವುದು ಎಣ್ಣೆಯ ದಾರಿಯಲ್ಲಿ. ಅದೂ ಎಂಥ ಹೊತ್ತಿನಲ್ಲಿ! ಬಂದರಿನಲ್ಲಿ ಶಾಂತವಾಗಿ ನಿಂತಾಗ ಟ್ಯಾಂಕಿನ ಗಸಿ ತಳ ಹಿಡಿದು ಮಲಗಿರುತ್ತದೆ. ಗಾಳಿ ಎದ್ದು, ಅಲೆ ಎದ್ದು, ಹಾಯಿ ಇಳಿಸಿ ಎಂಜಿನ್ನಿನ ಬಲದಿಂದ ಬಂದರಿನ ಬಾಯಿ ಸೇರಬೇಕು ಅನ್ನುವಾಗಲೇ ಟ್ಯಾಂಕು ಕುಲುಕಿ, ವರ್ಷಗಳ ಕೊಳೆ ಮೇಲೆದ್ದು, ಕೊಳವೆಯಲ್ಲಿ ನುಗ್ಗಿ ಫಿಲ್ಟರನ್ನು ಕಟ್ಟಿಬಿಡುತ್ತದೆ. ಅಲೆ ಜೋರಾದಷ್ಟೂ ಎಂಜಿನ್ ಬೇಕು, ಅಲೆ ಜೋರಾದಷ್ಟೂ ಅದು ನಿಲ್ಲುವ ಸಂಭವವೂ ಹೆಚ್ಚು.

ಗದಗದ ಕಡೆಯ ನಮ್ಮ ಸೋದರಮಾವನಿಗೆ ಇದನ್ನು ವಿವರಿಸಿದಾಗ ಅವನಿಗೆ ಅರ್ಧ ಮಾತಿನಲ್ಲೇ ತಿಳಿಯಿತು. “ಏರ್ ಹಿಡಿದಿರತೈತಿ, ಬೋಲ್ಟ್ ಸಡಲ ಮಾಡಿ ತಗೀಬೇಕಪಾ,” ಎಂದ. ಕಿರ್ಲೋಸ್ಕರ್ ಪಂಪ್‌ಸೆಟ್ಟಿನ ಜೊತೆ ಬಾಳಿದವನು. ಫಿಲ್ಟರಿನ ತಲೆಯ ಬೋಲ್ಟ್ ಒಂದು ಸುತ್ತು ಸಡಿಲಿಸಿ, ಕೈಪಂಪು ಒತ್ತುತ್ತಾ, ಗುಳ್ಳೆ ಗುಳ್ಳೆಯಾಗಿ ಬರುವ ಎಣ್ಣೆ ಒಂದೇ ಧಾರೆಯಾದ ಮೇಲೆ ಬಿಗಿಯುವ ಆ ಕೆಲಸ ಬಾಲ್ಟಿಕ್‌ನಲ್ಲೂ ಅದೇ, ಬೆಣ್ಣೆಹಳ್ಳದ ದಂಡೆಯಲ್ಲೂ ಅದೇ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಶುರುಮಾಡಿದ ಉದ್ಯಮ ಮುಂದೆ ನಮ್ಮ ಹೊಲಗಳಿಗೆ ಎಷ್ಟು ಜನ ಮೆಕ್ಯಾನಿಕ್‌ಗಳನ್ನು ತಯಾರು ಮಾಡಿಕೊಟ್ಟಿತು ಎಂದು ನೆನೆದರೆ ಅಭಿಮಾನವಾಗುತ್ತದೆ.

ಆದರೆ ಮಾವ ಕೇಳಿದ ಮುಂದಿನ ಪ್ರಶ್ನೆಯೇ ಮುಖ್ಯ. “ನಮ್ಮ ಎಂಜಿನ್ನಿಗೆ ಇಷ್ಟ ಗಸಿ ಬರೂದಿಲ್ಲಲಾ?” ಬರುವುದಿಲ್ಲ, ಯಾಕೆಂದರೆ ಹೊಲದ ಎಂಜಿನ್ ಹಾಕಿದ ಎಣ್ಣೆಯನ್ನು ಆ ವಾರವೇ ಕುಡಿದು ಮುಗಿಸುತ್ತದೆ. ಹಾಯಿದೋಣಿಯದು ಬೇರೆ ಬಾಳು. ಗಾಳಿ ಚೆನ್ನಾಗಿದ್ದಷ್ಟೂ ಎಂಜಿನ್ನಿಗೆ ಕೆಲಸವಿಲ್ಲ. ಅಕ್ಟೋಬರ್ ಬಂತೆಂದರೆ ದೋಣಿಯನ್ನು ಕ್ರೇನಿನಿಂದ ಎತ್ತಿ ದಡದ ಶೆಡ್ಡಿನಲ್ಲಿ ಇಡುತ್ತಾರೆ, ಮತ್ತೆ ನೀರು ಕಾಣುವುದು ಏಪ್ರಿಲ್‌ನಲ್ಲಿ. ಮಲ್ಪೆಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಎಂದರೆ ಜೂನ್, ಜುಲೈ ಎರಡು ತಿಂಗಳು. ಇಲ್ಲಿ ಅರ್ಧ ವರ್ಷ. ಅಷ್ಟು ಕಾಲ ಅರೆತುಂಬಿದ ಟ್ಯಾಂಕಿನ ಖಾಲಿ ಜಾಗದ ಗಾಳಿ ರಾತ್ರಿ ತಣ್ಣಗಾಗಿ ಗೋಡೆಗೆ ಬೆವರು ಕಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ, ಹನಿ ಹನಿಯಾಗಿ ತಳ ಸೇರುತ್ತದೆ.

ನೀರು ಸೇರಿದ ಮೇಲೆ ಜೀವ ಬರುತ್ತದೆ. ಹಾರ್ಮೊಕೊನಿಸ್ ರೆಸಿನೆ ಎಂಬ ಶಿಲೀಂಧ್ರ, ಅದರ ಜೊತೆಗೆ ಹಲವು ಬ್ಯಾಕ್ಟೀರಿಯಾ, ನೀರಿನಲ್ಲಿ ವಾಸ ಮಾಡುತ್ತಾ ಮೇಲಿನ ಡೀಸೆಲನ್ನು ಉಣ್ಣುತ್ತವೆ. ಎರಡೂ ಕೂಡುವ ಗೆರೆಯಲ್ಲಿ ಕಂದು ಲೋಳೆ ಕಟ್ಟುತ್ತದೆ, ಅವು ಬಿಡುವ ಆಮ್ಲ ಲೋಹದ ಟ್ಯಾಂಕನ್ನೇ ತಿನ್ನುತ್ತದೆ. ಜರ್ಮನರು ಇದನ್ನು ‘ಡೀಸೆಲ್‌ಪೆಸ್ಟ್’ ಎಂದು ಪ್ಲೇಗಿನ ಹೆಸರಿನಿಂದಲೇ ಕರೆಯುತ್ತಾರೆ.

ಇದಕ್ಕೆ ಇಂಬು ಕೊಡುವುದು ಇಲ್ಲಿನ ಎಣ್ಣೆಯೇ. ಬಂಕಿನ ಮಾಮೂಲಿ ಡೀಸೆಲ್‌ನಲ್ಲಿ ನೂರಕ್ಕೆ 7 ಪಾಲಿನವರೆಗೆ ಜೈವಿಕ ಡೀಸೆಲ್ ಬೆರೆಸಬಹುದು. ಮೇ ತಿಂಗಳಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನ ಬಯಲು ತುಂಬ ಹಳದಿ ಹೂಬಿಟ್ಟು ನಿಲ್ಲುವ ರೇಪ್ ಬೆಳೆ, ಅಂದರೆ ಸಾಸಿವೆಯ ಬಳಗದ ಗಿಡ, ಅದಕ್ಕೆ ಒಂದು ಮುಖ್ಯ ಮೂಲ. ರುಡಾಲ್ಫ್ ಡೀಸೆಲ್‌ನ ಎಂಜಿನ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಗೆದ್ದು ನಿಂತಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಬಗೆಯ ಒಂದು ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ಚಳ್ಳಕೆರೆಯವರು ಕೇಳಿದರೆ ಖುಷಿಪಡುವ ಸಂಗತಿ. ಗಿಡದ ಎಣ್ಣೆ ಹೀಗೆ ಡೀಸೆಲ್‌ಗೆ ಹಳೆಯ ನೆಂಟ. ನನಗೆ ಅದರ ಮೇಲೆ ಮುನಿಸಿಲ್ಲ. ಆದರೆ ಜೈವಿಕ ಡೀಸೆಲ್ ತೇವವನ್ನು ಹೀರುತ್ತದೆ, ಬೇಗ ಹಳಸುತ್ತದೆ. ದಿನಾ ಓಡುವ ಲಾರಿಗೆ ಇದು ಲೆಕ್ಕಕ್ಕಿಲ್ಲ, ಆರು ತಿಂಗಳು ಮಲಗುವ ದೋಣಿಗೆ ಲೆಕ್ಕಕ್ಕಿದೆ.

ನಮ್ಮ ಬೀದಿಯ ಹಿರಿಯರೊಬ್ಬರ ದೋಣಿಯಲ್ಲಿ ವಸಂತದ ಕೆಲಸಕ್ಕೆ ನಾನೂ ಕೈಜೋಡಿಸುತ್ತೇನೆ. ಎಂಜಿನ್ನಿನ ಮೊದಲು ಬರುವ ಫಿಲ್ಟರಿಗೆ ಕೆಳಗೊಂದು ಪಾರದರ್ಶಕ ಬಟ್ಟಲಿದೆ, ಬಟ್ಟಲಿನ ತಳದಲ್ಲಿ ತಿರುಪು. ಜಾಮಿನ ಬಾಟಲಿ ಹಿಡಿದು ತಿರುಪು ಸಡಿಲಿಸಿದರೆ ಮೊದಲು ಬರುವುದು ನೀರು. ಹತ್ತು ನಿಮಿಷ ಬಾಟಲಿಯನ್ನು ಬೆಳಕಿಗೆ ಇಟ್ಟು ನೋಡಬೇಕು. ಕೆಳಗೆ ಮಬ್ಬು ನೀರು, ನಡುವೆ ಹುಳಿಮಜ್ಜಿಗೆಯ ಮೇಲೆ ಕಟ್ಟುವ ಕೆನೆಯಂಥ ಕಂದು ಪದರ, ಮೇಲೆ ಹೊಂಬಣ್ಣದ ಡೀಸೆಲ್. “ಇನ್ನೊಮ್ಮೆ ತುಂಬಿಸಪ್ಪಾ, ಬರೀ ಎಣ್ಣೆ ಬರೋವರೆಗೂ,” ಎಂಬರ್ಥದ ಮಾತನ್ನು ಅವರು ಜರ್ಮನ್‌ನಲ್ಲಿ ಹೇಳುತ್ತಾರೆ. ನಾನು ಮತ್ತೆ ಬಾಟಲಿ ಹಿಡಿಯುತ್ತೇನೆ.

ಫಿಲ್ಟರಿನ ಬಗ್ಗೆ ಇಲ್ಲಿನವರ ಶ್ರದ್ಧೆ ದೊಡ್ಡದು. ಹಟ್ಟಿಂಗನ್‌ನ ಸೆಪಾರ್ ಫಿಲ್ಟರ್ ಎಣ್ಣೆಯನ್ನು ಸುಳಿಯಾಗಿ ತಿರುಗಿಸಿ ನೀರನ್ನು ಬೇರೆ ಮಾಡುತ್ತದೆ. ಲುಡ್ವಿಗ್ಸ್‌ಬುರ್ಗ್‌ನ ಮಾನ್ ಫಿಲ್ಟರ್ ನಮ್ಮ ಊರಿನ ಬಿಡಿಭಾಗದ ಅಂಗಡಿಗಳಿಗೂ ಗೊತ್ತಿರುವ ಹೆಸರು. ಎಂಜಿನ್ನಿನ ಮೊದಲು ಬರುವ ಫಿಲ್ಟರ್ 10ರಿಂದ 30 ಮೈಕ್ರಾನಿನ ಕಸ ತಡೆಯುತ್ತದೆ, ಎಂಜಿನ್ನಿನ ಮೇಲಿನದು ಇನ್ನೂ ಸಣ್ಣದನ್ನು. ಬಾಷ್ ಕಂಪನಿ 1927ರಿಂದ ಸಾಲುಸಾಲಾಗಿ ತಯಾರಿಸಿದ ಇಂಜೆಕ್ಷನ್ ಪಂಪಿನ ಒಳಗೆ ಲೋಹಕ್ಕೂ ಲೋಹಕ್ಕೂ ನಡುವಿನ ಸಂದು ಕೆಲವೇ ಮೈಕ್ರಾನ್, ಕೂದಲಿನ ದಪ್ಪದ ಎಷ್ಟೋ ಪಾಲು ಕಡಿಮೆ. ಅಲ್ಲಿಗೆ ಕಸ ಹೋಗಬಾರದು, ನೀರಂತೂ ಹೋಗಲೇಬಾರದು. ಎರಡು ಫಿಲ್ಟರುಗಳನ್ನು ಅಕ್ಕಪಕ್ಕ ಕೂರಿಸಿ, ಒಂದು ಕಟ್ಟಿದರೆ ಸನ್ನೆ ತಿರುಗಿಸಿ ಇನ್ನೊಂದಕ್ಕೆ ಹೊರಳುವ ಏರ್ಪಾಡಿಗೆ ದುಡ್ಡು ಹಾಕುವವರೂ ಇದ್ದಾರೆ. ಒಳ್ಳೆಯದೇ. ಆದರೆ ತಳದಲ್ಲಿ ಗಸಿ ಹಾಗೇ ಇದ್ದರೆ ಎರಡನೆಯದೂ ಅದೇ ಅಲೆಯಲ್ಲಿ ಕಟ್ಟುತ್ತದೆ. ಫಿಲ್ಟರ್ ಕೊನೆಯ ಕಾವಲುಗಾರ. ಕೆಲಸ ಶುರುವಾಗಬೇಕಾದದ್ದು ಟ್ಯಾಂಕಿನಲ್ಲಿ.

ಹಾಗಾಗಿ ಚಳಿಗಾಲಕ್ಕೆ ಮುನ್ನ ಟ್ಯಾಂಕು ತುಂಬಿಸಿಡುವುದು, ಬೆವರಲು ಜಾಗ ಬಿಡದಿರುವುದು. ಡೆಕ್ಕಿನ ಮೇಲಿನ ಮುಚ್ಚಳದ ರಬ್ಬರ್ ಉಂಗುರ ಬಿರುಕು ಬಿಟ್ಟಿದ್ದರೆ ಅವತ್ತೇ ಬದಲಿಸುವುದು, ಮಳೆನೀರು ಇಳಿಯುವುದು ಅಲ್ಲಿಂದಲೇ. 2024ರ ಮೇ ತಿಂಗಳಿಂದ ಇಲ್ಲಿನ ಬಂಕುಗಳಲ್ಲಿ ಎಚ್‌ವಿಒ 100 ಎಂಬ, ತೇವ ಹೀರುವ ಗುಣವಿಲ್ಲದ ಎಣ್ಣೆಯೂ ಸಿಗುತ್ತಿದೆ, ಬೆಲೆ ತುಸು ಹೆಚ್ಚು. ತಳದಲ್ಲಿ ನೀರು ನಿಂತರೆ ಅದೂ ಕಾಯುವುದಿಲ್ಲ.

ದೋಣಿ ಕಟ್ಟುವವರ ಮೇಲೆ ನನ್ನದೊಂದು ದೂರು ಉಳಿದಿದೆ. ಎಷ್ಟೋ ದೋಣಿಗಳ ಟ್ಯಾಂಕಿಗೆ ಕೈ ಹೋಗುವಷ್ಟು ಬಾಗಿಲೇ ಇರುವುದಿಲ್ಲ. ಮರದ ಹಲಗೆಯ ಕೆಳಗೆ ಮುಚ್ಚಿಟ್ಟು, ತೊಳೆಯುವ ದಾರಿಯನ್ನೇ ಇಡದೆ, ಫಿಲ್ಟರನ್ನು ಮಾತ್ರ ಹೊಳೆಯುವಂತೆ ಮುಂದೆ ಕೂರಿಸುತ್ತಾರೆ. ಹಿರಿಯರ ದೋಣಿಯದೂ ಹಾಗೆಯೇ. ಈ ಚಳಿಗಾಲದಲ್ಲಿ ಎಣ್ಣೆ ಪೂರ್ತಿ ತೆಗೆದು, ಟ್ಯಾಂಕಿನ ಮೇಲ್ಭಾಗದಲ್ಲಿ ಬಾಗಿಲು ಕೊರೆಸಿ, ಒಳಗೆ ಚಿಂದಿ ಬಟ್ಟೆಯಿಂದ ಒರೆಸುವುದೆಂದು ಇಬ್ಬರೂ ಕೂತು ಮಾತಾಡಿ ನಿಶ್ಚಯಿಸಿದ್ದೇವೆ. ಬೋಲ್ಟು, ಗ್ಯಾಸ್ಕೆಟ್ಟಿನ ಅಳತೆ ಬರೆದಿಟ್ಟಾಗಿದೆ.